ಬಿಡು ಎಂದವಳ ಕೈ

ಲಿಂಗಸುಗೂರು
೬ ಮಾರ್ಚ್ ೨೦೨೫

ವಸೀಮಾಗೆ,

ನಾನು ಮಾರ್ತಮ್ಮ, ಎಲೀಷನ ತಾಯಿ. ಹೋದ ನವೆಂಬರಿನಲ್ಲಿ ವಳಕಮದಿನ್ನಿಯ ಕಾಲುವೆಯಿಂದ ನಿನ್ನನ್ನು ದಡಕ್ಕೆ ನೂಕಿ ತಾನು ನೀರಿನಲ್ಲೇ ಉಳಿದನಲ್ಲ, ಅವನ ತಾಯಿ. ಸಿಂಧನೂರಿನ ಆಸ್ಪತ್ರೆಯ ವರಾಂಡದಲ್ಲಿ ಒಬ್ಬ ಹೆಂಗಸು ನೆಲಕ್ಕೆ ಕೈ ಬಡಿಯುತ್ತಾ ಕೂತಿದ್ದು ನಿನಗೆ ನೆನಪಿದ್ದರೆ ಅದು ನಾನೇ.

ಎರಡು ಸಲ ಫೋನ್ ಮಾಡಿದೆ. ಎರಡು ಸಲವೂ ನೀನು ಎತ್ತಿ ಸುಮ್ಮನಿದ್ದೆ. ನಿನ್ನ ಉಸಿರು ಕೇಳಿತು, ನನಗೂ ಬಾಯಿ ಬರಲಿಲ್ಲ, ಇಟ್ಟುಬಿಟ್ಟೆ. ಕಾಗದವೇ ವಾಸಿ. ಅದು ಉಸಿರಾಡುವುದಿಲ್ಲ. ನಿನ್ನ ವಿಳಾಸವನ್ನು ನಿನ್ನ ಚಿಕ್ಕಮ್ಮ, ನೀನು ಖಾಲಾ ಎನ್ನುವ ಗುಲ್ಷನ್‌ಬೀಯಿಂದ ಇಸಿದುಕೊಂಡೆ.

ಎಲ್ಲರೂ ನಿನ್ನ ಕಾಲು ಜಾರಿತು ಎನ್ನುತ್ತಾರೆ. ಪೊಲೀಸರು ಹಾಗೇ ಬರೆದುಕೊಂಡರು, ನಾನೂ ತಲೆಯಾಡಿಸಿದೆ. ಆದರೆ ಅವತ್ತು ನನ್ನ ಮಗ ಭತ್ತದ ಕೊಯ್ಲಿನ ಊಟಕ್ಕೆಂದು ಹೋಗಿದ್ದು ಗೆಳೆಯ ಹೊನ್ನೂರಪ್ಪನ ಗದ್ದೆಗೆ. ಹೊನ್ನೂರಪ್ಪ ದಡದ ಮೇಲೆ ನಿನ್ನ ಚಪ್ಪಲಿ ನೋಡಿದ್ದಾನೆ. ಮಸೀದಿಯ ಮುಂದೆ ಬಿಟ್ಟ ಹಾಗೆ ಜೋಡಿಸಿಟ್ಟು ಹೋಗಿದ್ದೆಯಂತೆ. ಕಾಲು ಜಾರುವವರು ಚಪ್ಪಲಿ ಜೋಡಿಸುವುದಿಲ್ಲ. ನೀನಾಗಿಯೇ ಇಳಿದೆ. ಯಾಕೆ ಇಳಿದೆ? ನನ್ನ ಮಗ ಯಾತಕ್ಕಾಗಿ ಸತ್ತ ಎಂದು ಕೇಳುವ ಹಕ್ಕು ಈ ಭೂಮಿಯ ಮೇಲೆ ಯಾರಿಗಾದರೂ ಇದ್ದರೆ ಅದು ನನಗೆ.

ಇನ್ನೊಂದು ಮಾತು. ನಮ್ಮ ಪಾಸ್ಟರ್ ಈಸ್ಟರ್ ಹಬ್ಬದ ಬೆಳಿಗ್ಗೆ ಸಮಾಧಿಯ ಹತ್ತಿರ ನಡೆಯುವ ಆರಾಧನೆಗೆ ನಿನ್ನನ್ನು ಕರೆಸಬೇಕು ಅಂದಿದ್ದಾರೆ. ಎಲೀಷನ ಗೋರಿಯ ಮುಂದೆ ನಿಂತು "ಇವನು ನನಗಾಗಿ ಪ್ರಾಣ ಕೊಟ್ಟ" ಎಂದು ನೀನು ಸಾಕ್ಷಿ ಹೇಳಬೇಕಂತೆ. ನಿನ್ನೆ ಬೂದಿ ಬುಧವಾರ, ನಮ್ಮ ಉಪವಾಸದ ಕಾಲ ಶುರುವಾಗುವ ದಿನ. ನಾನು ಈಸ್ಟರ್‌ವರೆಗೆ ಹಗಲೆಲ್ಲ ಉಪವಾಸವಿರುವ ಹರಕೆ ಹೊತ್ತಿದ್ದೇನೆ. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವಳು ನಾನು. ನೂರಾರು ಮಕ್ಕಳಿಗೆ ಬಡಿಸಿ ಹಸಿದು ಮನೆಗೆ ಬರುತ್ತೇನೆ. ಈ ಹಸಿವಿಗೆ ಒಂದು ಉತ್ತರ ಬೇಕು.

ಮಾರ್ತಮ್ಮ


ಸಿಂಧನೂರು
೧೪ ಮಾರ್ಚ್ ೨೦೨೫

ಮಾರ್ತಮ್ಮನವರಿಗೆ ವಸೀಮಾಳ ಸಲಾಂ.

ನಿಮ್ಮ ಕಾಗದವನ್ನು ಅಂಚೆಯವರು ಕೆಳಗಿನ ಮನೆಯ ಮಾಲೀಕರಾದ ಖಾಜಾಸಾಬರಿಗೆ ಕೊಟ್ಟಿದ್ದರು. ಅವರು ಮೆಟ್ಟಿಲ ಮೇಲೆ ಇಟ್ಟು ಹೋಗಿದ್ದರು. ತೆರೆಯಲು ಧೈರ್ಯವಾಗದೆ ಒಂದು ದಿನ ಹಾಗೇ ಬಿಟ್ಟಿದ್ದೆ. ಕ್ಷಮಿಸಬೇಕು.

ಆಸ್ಪತ್ರೆಯ ವರಾಂಡದಲ್ಲಿ ನಿಮ್ಮನ್ನು ನೋಡಿದ್ದು ನೆನಪಿದೆ. ನಿಮ್ಮ ಬಳೆ ಒಡೆದಿತ್ತು. ಎದ್ದು ಬಂದು ನಿಮ್ಮ ಕಾಲು ಹಿಡಿಯಬೇಕು ಅನ್ನಿಸಿತು, ಕೈಗೆ ಸಲೈನ್ ಚುಚ್ಚಿದ್ದರು.

ನೀವು ಕೇಳಿದ ಪ್ರಶ್ನೆಗೆ ನಾನು ಏನು ಬರೆದರೂ ಅದು ನಿಮ್ಮ ಮಗನ ತೂಕಕ್ಕೆ ಬರುವುದಿಲ್ಲ. ನಾನು ಇಲ್ಲೇ ಒಂದು ಖಾಸಗಿ ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಮಕ್ಕಳು ಉತ್ತರ ಗೊತ್ತಿಲ್ಲದಿದ್ದಾಗ ಪ್ರಶ್ನೆಯನ್ನೇ ಮತ್ತೆ ಚೆನ್ನಾಗಿ ಬರೆದು ಕೊಡುತ್ತಾರೆ. ನನ್ನದೂ ಅದೇ ಗತಿ. ಸದ್ಯಕ್ಕೆ ಒಂದನ್ನು ಮಾತ್ರ ಹೇಳಬಲ್ಲೆ. ಅವರು ನೀರಿನಲ್ಲಿ ನನಗೆ ಹೇಳಿದ್ದು ಒಂದೇ ಮಾತು, "ಯಕ್ಕಾ, ಕೈ ಕೊಡ." ನನ್ನ ಹೆಸರು ಅವರಿಗೆ ಗೊತ್ತಿರಲಿಲ್ಲ.

ಸಾಕ್ಷಿ ಹೇಳಲು ನಾನು ಬರಲಾರೆ. ದಯವಿಟ್ಟು ಕಾರಣ ಕೇಳಬೇಡಿ. ನನ್ನ ಬಗ್ಗೆ ಚಿಂತೆಯೂ ಬೇಡ. ರಮಜಾನ್ ನಡೆದಿದೆ, ನಾನೂ ರೋಜಾ ಇದ್ದೇನೆ.

ವಸೀಮಾ


ಲಿಂಗಸುಗೂರು
೨೦ ಮಾರ್ಚ್ ೨೦೨೫

ವಸೀಮಾ,

"ಯಕ್ಕಾ, ಕೈ ಕೊಡ." ಇದನ್ನು ಎಷ್ಟು ಸಲ ಓದಿದೆನೋ. ನಾಲ್ಕು ತಿಂಗಳಿಂದ ಅವನ ಬಾಯಿಂದ ಹೊಸ ಮಾತು ಒಂದೂ ಬಂದಿರಲಿಲ್ಲ. ನೀನು ಕಳಿಸಿದೆ. ಅದಕ್ಕೆ ನಿನಗೆ ಒಳ್ಳೆಯದಾಗಲಿ.

ಅವನ ವಿಷಯ ಹೇಳುತ್ತೇನೆ, ಕೇಳು. ಅವನು ಹಟ್ಟಿಯ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದ. ಕಂಪನಿಯ ಕ್ವಾರ್ಟರ್ಸಿನಲ್ಲಿ ನಾವಿಬ್ಬರೇ. ಅವನು ಶಿಫ್ಟಿಗೆ ಇಳಿದರೆ ನನ್ನ ಜೀವ ಅವನ ಜೊತೆ ಪಾತಾಳಕ್ಕೆ ಇಳಿಯುತ್ತಿತ್ತು. ಶಿಫ್ಟ್ ಮುಗಿಸಿ ಬಾಗಿಲಲ್ಲಿ ನಿಂತು "ಯವ್ವಾ, ಹೊಟ್ಟಿ ಹಸದೈತಿ" ಅಂದರೆ ನಾನು ಮತ್ತೆ ಹುಟ್ಟುತ್ತಿದ್ದೆ. ಯೇಸು ಗೋರಿಯಿಂದ ಎದ್ದು ಬಂದರು ಎಂದು ಪಾಸ್ಟರ್ ವರ್ಷಕ್ಕೊಮ್ಮೆ ಈಸ್ಟರ್ ಪ್ರಸಂಗ ಮಾಡುವಾಗ ನಾನು ಒಳಗೊಳಗೇ ನಗುತ್ತಿದ್ದೆ. ನನಗೆ ದಿನಾ ಈಸ್ಟರ್, ಅದೂ ಎರಡು ರೊಟ್ಟಿ ಹೆಚ್ಚಿಗೆ ಕೇಳುವ ಈಸ್ಟರ್. ಭೂಮಿಯ ಹೊಟ್ಟೆಯಿಂದ ದಿನಾ ಎದ್ದು ಬಂದವನು ಮಟಮಟ ಮಧ್ಯಾಹ್ನ ಹೊಲದ ಪಕ್ಕದ ಎದೆಮಟ್ಟದ ನೀರಿನ ಸೆಳೆತದಲ್ಲಿ ಹೋದ. ನಾನು ಗಣಿಗಾಗಿ ಪ್ರಾರ್ಥನೆ ಮಾಡಿದೆ, ಕಾಲುವೆಗೆ ಮಾಡಲಿಲ್ಲ. ಆ ಕ್ವಾರ್ಟರ್ಸ್ ಬಿಟ್ಟು ಈಗ ಇಲ್ಲಿ ತಮ್ಮನ ಮನೆಯ ಹಿಂದಿನ ಕೋಣೆಯಲ್ಲಿದ್ದೇನೆ.

ಮುಸಲ್ಮಾನರ ಹುಡುಗಿ ಸಮಾಧಿಯ ಆರಾಧನೆಗೆ ಬಂದರೆ ಜನ ಏನಂದಾರು ಎಂದು ಅಂಜುತ್ತೀಯಾ? ಯಾರೂ ಏನೂ ಅನ್ನುವುದಿಲ್ಲ, ಅಂದರೆ ನಾನಿದ್ದೇನೆ. ಇನ್ನು ಕಾರಣ. ಯಾವನನ್ನಾದರೂ ಮೆಚ್ಚಿ ಮೋಸ ಹೋದೆಯಾ? ಹಾಗಿದ್ದರೆ ಹೇಳಿಬಿಡು, ನಾನು ಬೈಯುವುದಿಲ್ಲ. ಸ್ವಲ್ಪ ಬೈಯಬಹುದು.

ನೀನು ರೋಜಾ ಇದ್ದೀ ಎಂದು ಓದಿ ಸಮಾಧಾನವಾಯಿತು. ಅಲ್ಲಿ ನೀನು, ಇಲ್ಲಿ ನಾನು, ಇಬ್ಬರದೂ ಒಂದೇ ಹಸಿವು. ಆದರೆ ಸಂಜೆ ಚೆನ್ನಾಗಿ ಉಣ್ಣು. ನಿನ್ನ ಮೈಯಲ್ಲಿರುವ ಜೀವ ಈಗ ನಿನ್ನದೊಂದೇ ಅಲ್ಲ, ಅದರಲ್ಲಿ ನನ್ನ ಮಗನೂ ಇದ್ದಾನೆ. ಹಾಳು ಮಾಡಬೇಡ. ಶಾಲೆಗೆ ಹೋಗು, ಮೈ ನೋಡಿಕೋ, ವಾರಕ್ಕೊಂದು ಸಲ ಏನು ಮಾಡಿದೆ ಎಂದು ನನಗೆ ಬರೆ. ಅಷ್ಟು ಕೇಳುವ ಹಕ್ಕೂ ನನಗಿದೆ.

ಮಾರ್ತಮ್ಮ


ವಳಕಮದಿನ್ನಿ
೫ ಏಪ್ರಿಲ್ ೨೦೨೫

ಮಾರ್ತಮ್ಮನವರಿಗೆ,

ಹಬ್ಬಕ್ಕೆ ಖಾಲಾನ ಮನೆಗೆ ಬಂದಿದ್ದೇನೆ. ನೀವು ಕೇಳಿದ ವಾರದ ವರದಿ: ಎದ್ದೆ, ಉಂಡೆ, ಮಲಗಿದೆ. ಹಬ್ಬದ ಪಾಯಸ ಶೀರ್‌ಖುರ್ಮಾ ಕುಡಿದೆ. ಇದೆಲ್ಲ ನಿಮ್ಮ ಮಗನಿಗಾಗಿ ಮಾಡಿದೆ. ನನ್ನ ಬಾಯಿಗೆ ರುಚಿ ಇಲ್ಲ. ಹಬ್ಬ ಮುಗಿದ ಮೇಲೆ ಬಯಸಿದವರು ಹಿಡಿಯುವ ಆರು ರೋಜಾಗಳನ್ನು ಈಗ ಖಾಲಾ ಜೊತೆ ಹಿಡಿದಿದ್ದೇನೆ.

ಮೋಸ ಹೋದವಳೇ ಎಂದು ಕೇಳಿದ್ದೀರಿ. ಇಲ್ಲ. ನನಗೆ ಮದುವೆಯಾಗಿತ್ತು, ಗಂಡ ಕೆಟ್ಟವನೂ ಆಗಿರಲಿಲ್ಲ. ಹೋದ ವರ್ಷ ದಸರಾ ರಜೆಯಲ್ಲಿ ಹೆಣ್ಣು ಮಗು ಹುಟ್ಟಿತು. ನಮ್ಮಲ್ಲಿ ಏಳನೆಯ ದಿನ ಅಕೀಖಾ ಮಾಡುತ್ತಾರೆ. ಮಗುವಿನ ಕೂದಲು ತೆಗೆಸಿ, ಹೆಸರಿಟ್ಟು, ಮಗುವಿನ ಹೆಸರಿನಲ್ಲಿ ಒಂದು ಆಡು ಕೊಯ್ಯುತ್ತಾರೆ. ಅತ್ತೆ ಮುಂಚೆಯೇ ಮಸ್ಕಿಯ ಸಂತೆಯಿಂದ ಆಡು ತರಿಸಿದ್ದರು. ಅದನ್ನು ಬಾಗಿಲ ಬಳಿಯ ಬೇವಿನ ಮರಕ್ಕೆ ಕಟ್ಟಿದ್ದರು, ಅದು ಇಡೀ ದಿನ ಅರಚುತ್ತಿತ್ತು. ಮಗು ಮಲಗಲಿ ಎಂದು ನಾನೇ ಅದಕ್ಕೆ ಸೊಪ್ಪು ಹಾಕಿಸುತ್ತಿದ್ದೆ. ಏಳನೆಯ ದಿನ ಬರುವ ಮೊದಲೇ ಮಗು ಜ್ವರ ಬಂದು ತೀರಿಹೋಯಿತು. ಅದಕ್ಕೆ ಹೆಸರಿಟ್ಟಿರಲಿಲ್ಲ. ಆಡು ಉಳಿಯಿತು.

ಅತ್ತೆ ಆ ಆಡನ್ನು ಮಾರಲಿಲ್ಲ, ಕೊಯ್ಯಲೂ ಇಲ್ಲ. ಅದು ದಿನಾ ನನ್ನ ಕಣ್ಣೆದುರು ಮೇಯುತ್ತಿತ್ತು. ನೋಡಲಾರದೆ ಗಂಡನ ಮನೆ ಬಿಟ್ಟು ಖಾಲಾನ ಮನೆಗೆ ಬಂದೆ, ಮತ್ತೆ ಅಲ್ಲಿಗೆ ಹೋಗಲಿಲ್ಲ. ಒಂದು ತಿಂಗಳಾದರೂ ಆ ಅರಚುವಿಕೆ ಕಿವಿಯಿಂದ ಹೋಗಲಿಲ್ಲ. ಅದಕ್ಕೆ ಚಪ್ಪಲಿ ಬಿಟ್ಟು ಇಳಿದೆ. ನಿಮಗೆ ಇಷ್ಟು ಸಣ್ಣ ಕಾರಣ ಸಾಕೋ ಇಲ್ಲವೋ ಗೊತ್ತಿಲ್ಲ.

ಸಾಕ್ಷಿಗೆ ಯಾಕೆ ಬರಲಾರೆ ಎಂಬುದನ್ನೂ ಹೇಳಿಬಿಡುತ್ತೇನೆ. ನಿಮ್ಮ ಮಗ "ಯಕ್ಕಾ, ಕೈ ಕೊಡ" ಅಂದಾಗ ನಾನು ಕೈ ಕೊಡಲಿಲ್ಲ. "ಬಿಡೋ, ಬಿಡು ನನ್ನ" ಎಂದು ಕೂಗಿದೆ. ಅವರ ಮುಖಕ್ಕೆ ಹೊಡೆದೆ. ಅವರು ಬಿಡಲಿಲ್ಲ. ನಾನು ಕೊಸರಾಡದೆ ಇದ್ದಿದ್ದರೆ ಅವರು ದಣಿಯುತ್ತಿರಲಿಲ್ಲ. ಗೋರಿಯ ಮುಂದೆ ನಿಂತು ಇದನ್ನು ಹೇಳಲೇ?

ವಸೀಮಾ


ಲಿಂಗಸುಗೂರು
೯ ಏಪ್ರಿಲ್ ೨೦೨೫

ವಸೀಮಾ,

ಹೊಡೆದೆಯಾ? ನನ್ನ ಮಗನ ಮುಖಕ್ಕೆ ಹೊಡೆದೆಯಾ?

ನಿನ್ನ ಕೂಸಿಗಾಗಿ ಅತ್ತೆ. ಸುಳ್ಳು ಹೇಳುವುದಿಲ್ಲ, ಒಲೆಯ ಮುಂದೆ ಕೂತು ಅತ್ತೆ, ಅನ್ನ ಸೀದು ಹೋಯಿತು. ಆಮೇಲೆ ಕೊನೆಯ ಸಾಲುಗಳನ್ನು ಓದಿದೆ. ಅವನು ಹುಟ್ಟಿದಾಗ ಅವನ ಕೆನ್ನೆಯನ್ನು ಸೂಲಗಿತ್ತಿಗೂ ಮುಟ್ಟಗೊಟ್ಟಿರಲಿಲ್ಲ. ಆ ಕೆನ್ನೆ ಅದು.

ಪಾಸ್ಟರ್ ಪ್ರತಿ ಆದಿತ್ಯವಾರ ಅವನ ಹೆಸರು ಹೇಳುತ್ತಾರೆ. ಯೇಸುವಿನ ದಾರಿಯಲ್ಲಿ ನಡೆದ ಎನ್ನುತ್ತಾರೆ. ಹೆಂಗಸರು ನನ್ನ ಕೈ ಹಿಡಿದು, "ನೀವು ಪುಣ್ಯವಂತರ್ರೀ ಮಾರ್ತಮ್ಮ" ಎನ್ನುತ್ತಾರೆ. ಅದು ಪುಣ್ಯವಾದರೆ ತಾವೇ ಒಂದಿಷ್ಟು ಇಟ್ಟುಕೊಳ್ಳಲಿ. ನಮ್ಮಲ್ಲಿ ಶುಭ ಶುಕ್ರವಾರ ಯೇಸು ಶಿಲುಬೆಯ ಮೇಲಿಂದ ಆಡಿದ ಏಳು ಮಾತುಗಳನ್ನು ಏಳು ಮಂದಿಗೆ ಹಂಚಿ ಮಾತಾಡಿಸುತ್ತಾರೆ. ಚೀಟಿ ಎತ್ತಿದಾಗ ನನಗೆ ನಾಲ್ಕನೆಯದು ಬಂತು. ದೇವರೇ, ಯಾಕೆ ನನ್ನ ಕೈ ಬಿಟ್ಟೆ ಎಂದು ಯೇಸು ಕೇಳುವ ಮಾತು. ಎಷ್ಟು ಚೆಂದ ಹುಡುಕಿ ಕೊಟ್ಟ ನೋಡು ದೇವರು. ನಿನ್ನ ಕೈಯನ್ನು ನನ್ನ ಮಗ ಬಿಡಲಿಲ್ಲ, ಅವನ ಕೈಯನ್ನು ದೇವರು ಬಿಟ್ಟ. ನಾನು ಅಲ್ಲಿ ನಿಂತು ಏನು ಹೇಳಲಿ?

ಅವನು ಬೇಡವೆಂದವಳಿಗಾಗಿ ಸತ್ತ. ಇದನ್ನು ಹೇಗೆ ನುಂಗಲಿ? ನನಗೆ ಇನ್ನು ಬರೆಯಬೇಡ.

ಮಾರ್ತಮ್ಮ


ಸಿಂಧನೂರು
೧೩ ಏಪ್ರಿಲ್ ೨೦೨೫

ಮಾರ್ತಮ್ಮನವರಿಗೆ,

ಬರೆಯಬೇಡ ಅಂದಿರಿ. ಇದೊಂದೇ, ಆಮೇಲೆ ಬರೆಯುವುದಿಲ್ಲ.

ನನ್ನ ಕೋಣೆಗೆ ಹಿಂದಿರುಗಿದ್ದೇನೆ. ಶಾಲೆಗೆ ರಜೆ. ಉಪವಾಸ ನಡೆದೇ ಇದೆ. ಮೊದಲು ಸಂಜೆ ಹಸಿವಾಗುತ್ತಿತ್ತು, ಈಗ ಅದೂ ಇಲ್ಲ. ದಿನಾ ಬೆಳಿಗ್ಗೆ ನಿಮ್ಮ ಮಗನಿಗೆ ತಕ್ಕ ಹಾಗೆ ಬದುಕಬೇಕು ಎಂದು ಏಳುತ್ತೇನೆ, ಮಧ್ಯಾಹ್ನದೊಳಗೆ ಸೋತಿರುತ್ತೇನೆ. ಒಂದು ಚಹಾ ಕಪ್ಪು ತೊಳೆಯುವಾಗಲೂ ಇದಕ್ಕಾಗಿ ಅವರು ಸತ್ತರೇ ಅನ್ನಿಸುತ್ತದೆ. ಹೊತ್ತುಕೊಂಡು ತಿರುಗಲು ಆಗುತ್ತಿಲ್ಲ. ನಿಮ್ಮ ಮಗನನ್ನು ನಾನು ಹೊತ್ತಿದ್ದೇನೆಂದು ದೂರುತ್ತಿಲ್ಲ, ನನಗೆ ಅಷ್ಟು ಬಲವಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ನಿಮ್ಮ ಯೇಸು ಸತ್ತು ಎದ್ದರು ಎನ್ನುತ್ತೀರಿ. ಅವರಿಗೆ ಏಳುವ ಮನಸ್ಸಿತ್ತು. ಏಳಲು ಮನಸ್ಸೇ ಇಲ್ಲದವರ ಬಗ್ಗೆ ನಿಮ್ಮ ಪುಸ್ತಕದಲ್ಲಿ ಏನಾದರೂ ಇದೆಯೇ? ಇದ್ದರೂ ಬರೆದು ತಿಳಿಸುವ ಶ್ರಮ ಬೇಡ.

ಶುಕ್ರವಾರ ನಿಮ್ಮ ಮಾತು ಚೆನ್ನಾಗಿ ಆಗಲಿ. ಹೊಡೆದದ್ದಕ್ಕೆ ಕ್ಷಮಿಸಿ.

ವಸೀಮಾ


ಸಿಂಧನೂರು, ನಿನ್ನ ಬಾಗಿಲ ಮುಂದೆ
೧೯ ಏಪ್ರಿಲ್ ೨೦೨೫, ಶನಿವಾರ

ವಸೀಮಾ, ಮಗಳೇ,

ಹತ್ತಾರು ಸಲ ಕೂಗಿದೆ, ನೀನು ಓಗೊಡಲಿಲ್ಲ. ಆದರೆ ಚಾಪೆ ಸರಿದ ಸದ್ದು ಕೇಳಿತು, ಜೀವ ಬಂದಂತಾಯಿತು. ಖಾಜಾಸಾಬರು ಬಾಗಿಲು ಮುರಿಯಲು ಬಡಿಗನನ್ನು ಕರೆತರಲು ಹೋಗಿದ್ದಾರೆ. "ನಾಕ್ ದಿನಾತ್ರೀ, ಹುಡುಗಿ ಕೆಳಗ ಇಳದಿಲ್ಲ" ಎಂದು ಅವರೂ ಗಾಬರಿಯಾಗಿದ್ದಾರೆ. ಅವರು ಬರುವಷ್ಟರಲ್ಲಿ ನಿನಗೆ ಬರೆಯುತ್ತೇನೆ. ನಮ್ಮಿಬ್ಬರಿಗೆ ಬಾಯಿಂದ ಬರದಿದ್ದದ್ದು ಕಾಗದದಲ್ಲಿ ಬರುತ್ತದೆ. ಪೆನ್ನು, ಕಾಗದ ಕೆಳಗಿನ ಮನೆಯವು. ಬಾಗಿಲ ಸಂದಿಯಿಂದ ಹಾಕುತ್ತೇನೆ.

ನಿನ್ನ ಕಾಗದ ಬುಧವಾರ ಬಂತು. ಉಪವಾಸ ನಡೆದಿದೆ ಎಂದು ಓದಿ ಅದೇ ಆರು ರೋಜಾ ಇರಬೇಕು ಅಂದುಕೊಂಡೆ. ನಿಮ್ಮ ಲೆಕ್ಕ ನನಗೇನು ಗೊತ್ತು? ಸಿಟ್ಟಿನಲ್ಲಿದ್ದೆ, ಇದ್ದರೆ ಇರಲಿ, ನಾನೂ ಇದ್ದೇನಲ್ಲ ಎಂದು ಕಾಗದ ಮಡಿಚಿಟ್ಟೆ.

ನಿನ್ನೆ ಶುಕ್ರವಾರ. ಮೂರನೆಯ ಮಾತು ಮುಗಿಯಿತು, ನನ್ನ ಹೆಸರು ಕರೆದರು. ಎದ್ದು ನಿಂತೆ. ಬರೆದುಕೊಂಡು ಹೋಗಿದ್ದ ಒಂದು ಸಾಲೂ ಹೊರಡಲಿಲ್ಲ. "ನನಗೂ ಅದ ಪ್ರಶ್ನಿ ಐತ್ರೆಪ. ಉತ್ತರ ಇಲ್ಲ" ಎಂದು ಕೂತುಬಿಟ್ಟೆ. ಆಗ ನೋಡಿದರೆ ಹಿಂದಿನ ಬಾಗಿಲ ಹತ್ತಿರ ನಿನ್ನ ಗುಲ್ಷನ್‌ಬೀ ಬುರ್ಖಾ ಸರಿಪಡಿಸಿಕೊಳ್ಳುತ್ತಾ ನಿಂತಿದ್ದಾಳೆ. ನನ್ನನ್ನು ಹುಡುಕಿಕೊಂಡು ಮಸ್ಕಿಯಲ್ಲಿ ಬಸ್ಸು ಬದಲಿಸಿ ಬಂದಿದ್ದಳು. ಹೊರಗೆ ಕರೆದುಕೊಂಡು ಹೋದೆ.

"ಯಕ್ಕಾ, ಆಕಿ ನಿಮಗರ ಏನರ ಬರದಾಳೇನ್ರೀ? ನಾ ಹೋದ್ರ ಬಾಗಲಾ ತೆಗೀವಲ್ಲಳು. ಮಲಗೀನಿ, ಆರಾಮ ಅದೀನಿ ಅಂತ ಒಳಗಿಂದನ ಹೇಳಿ ಕಳಸ್ತಾಳ" ಅಂದಳು.

"ರೋಜಾ ಹಿಡದಾಳಲ್ಲವಾ, ನಿಶ್ಶಕ್ತಿ ಇರಬೇಕು" ಅಂದೆ.

"ಯಾವ ರೋಜಾ? ಆರೂ ರೋಜಾ ನಾವಿಬ್ರೂ ಕೂಡೇ ಹಿಡದ್ವಿ. ಮುಗದು ಹತ್ತ್ ದಿನದ ಮ್ಯಾಲಾತು."

ಹಸಿದವರ ಸಂಕಟ ಬಲ್ಲವಳು, ಮಕ್ಕಳ ಮುಖ ನೋಡಿಯೇ ಯಾರು ಬೆಳಿಗ್ಗೆ ಉಂಡಿಲ್ಲ ಎಂದು ಹೇಳುವವಳು, ನೀನು ಸಾಯಲು ಹಸಿದಿದ್ದನ್ನು ದೇವರಿಗಾಗಿ ಹಸಿದಿದ್ದೀ ಅಂದುಕೊಂಡೆ. ನನ್ನ ಉಪವಾಸದ ಜಂಬ ನನ್ನ ಕಣ್ಣು ಕಟ್ಟಿತ್ತು. ನಿನ್ನೆಯೇ ಹೊರಡಬೇಕಿತ್ತು. ಬಸ್ ಸ್ಟ್ಯಾಂಡಿಗೆ ಬರುವಷ್ಟರಲ್ಲಿ ತಲೆ ತಿರುಗಿ ಬಿದ್ದೆನಂತೆ, ತಮ್ಮ ಹೊತ್ತು ತಂದು ಮಲಗಿಸಿದ. ಗುಲ್ಷನ್‌ಬೀ ಖಾಜಾಸಾಬರಿಗೆ ಫೋನ್ ಮಾಡಿ ನಿನ್ನ ಕಡೆ ಕಿವಿ ಇಟ್ಟಿರಲು ಹೇಳಿದಳು. ಬೆಳಿಗ್ಗೆ ಎದ್ದವಳೇ ಅನ್ನ, ಬೇಳೆ ಸಾರು ಮಾಡಿ ಡಬ್ಬಿಗೆ ತುಂಬಿಕೊಂಡು ಮೊದಲ ಬಸ್ಸು ಹತ್ತಿದೆ.

ಈಗ ನೀನು ಕೇಳಿದ್ದಕ್ಕೆ ಹೇಳುತ್ತೇನೆ. ಏಳಲು ಮನಸ್ಸಿಲ್ಲದವರ ಬಗ್ಗೆ ನಮ್ಮ ಪುಸ್ತಕದಲ್ಲಿ ಇದೆ. ಲಾಜರ ಅಂತ ಒಬ್ಬ ಇದ್ದ. ಸತ್ತು ನಾಲ್ಕು ದಿನವಾಗಿತ್ತು. ನಿನಗೆ ಏಳುವ ಮನಸ್ಸಿದೆಯೇನಪ್ಪ ಎಂದು ಅವನನ್ನು ಯಾರೂ ಕೇಳಲಿಲ್ಲ. ಯೇಸು ಹೊರಗೆ ಬಾ ಎಂದು ಕೂಗಿದರು, ಅವನು ಬಂದ. ಅವನ ಕೈಕಾಲೆಲ್ಲ ಬಟ್ಟೆಯಿಂದ ಕಟ್ಟಿದ್ದರು. ಆ ಕಟ್ಟು ಬಿಚ್ಚಿದ್ದು ಅವನಲ್ಲ, ಹೊರಗೆ ನಿಂತಿದ್ದವರು. ಅವನನ್ನು ಇಟ್ಟಿದ್ದ ಗವಿಯ ಕಲ್ಲು ಸರಿಸಿದ್ದೂ ಅವರೇ. ಅವನ ಅಕ್ಕನ ಹೆಸರು ಮಾರ್ತ. ಅಡುಗೆಮನೆ ಬಿಟ್ಟು ದಾರಿಗೇ ಬಂದು, ನೀನು ಮೊದಲೇ ಬಂದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಎಂದು ಯೇಸುವಿನ ಜೊತೆಗೇ ಜಗಳ ತೆಗೆದವಳು. ನನ್ನ ಅಪ್ಪ ನೋಡಿಯೇ ಹೆಸರಿಟ್ಟಿದ್ದಾನೆ.

ಇನ್ನೊಂದು. ಬಸ್ಸಿನಲ್ಲಿ ಕೂತು ಯೋಚಿಸಿದೆ. ಶಿಲುಬೆಯ ಕೆಳಗೆ ನಿಂತವರಲ್ಲಿ ಯಾರು ತಾನೇ ನಮಗಾಗಿ ಸಾಯಿ ಎಂದು ಕೇಳಿದ್ದರು? ಒಬ್ಬರೂ ಇಲ್ಲ. ಕೆಲವರು ಮುಖಕ್ಕೆ ಹೊಡೆದಿದ್ದರು ಕೂಡ. ಬೇಡ ಅಂದವರಿಗೇ ಯೇಸು ಪ್ರಾಣ ಕೊಟ್ಟರು. ಇದನ್ನು ಐವತ್ತು ವರ್ಷದಿಂದ ಹಾಡುತ್ತಿದ್ದೇನೆ, ನನ್ನ ಮನೆಯ ಬಾಗಿಲಿಗೆ ಬಂದಾಗ ಗುರುತು ಹಿಡಿಯಲಿಲ್ಲ. ನೀನು ಬಿಡು ಅಂದೆ, ಎಲೀಷ ಬಿಡಲಿಲ್ಲ. ನಿನ್ನಿಂದ ಏನು ಸಿಗುತ್ತದೆ ಎಂದು ಅವನು ನೋಡಲಿಲ್ಲ. ಆ ಲೆಕ್ಕ ಹಾಕಿದವಳು ನಾನು, ವಾರಕ್ಕೊಂದು ವರದಿ ಕೇಳಿದವಳು ನಾನು. ಅದನ್ನು ಇವತ್ತು ಇಲ್ಲಿ ಇಳಿಸುತ್ತೇನೆ. ನೀನು ಅವನನ್ನು ಹೊರಬೇಕಾಗಿಲ್ಲ, ಮಗಳೇ. ಅವನಿಗೆ ತಕ್ಕವಳಾಗಬೇಕಾಗಿಲ್ಲ. ಸುಮ್ಮನೆ ಇರು. ಚಹಾ ಕಪ್ಪು ತೊಳೆಯದೆ ಇಟ್ಟರೂ ಸರಿ, ಇರು.

ನಾನು ಪೂರ್ತಿ ನಂಬಿ ಬರೆಯುತ್ತಿದ್ದೇನೆ ಎಂದುಕೊಳ್ಳಬೇಡ. ಇವತ್ತು ಶನಿವಾರ. ಯೇಸು ಸತ್ತ ಶುಕ್ರವಾರಕ್ಕೆ ಪ್ರಸಂಗವಿದೆ, ಎದ್ದ ಆದಿತ್ಯವಾರಕ್ಕೆ ಪ್ರಸಂಗವಿದೆ. ಈ ಶನಿವಾರದ ಬಗ್ಗೆ ಯಾವ ಪಾಸ್ಟರೂ ಬಾಯಿ ಬಿಡುವುದಿಲ್ಲ. ಮಗನನ್ನು ಮಣ್ಣಿಗಿಟ್ಟು ಬಂದ ಯೇಸುವಿನ ತಾಯಿ ಇವತ್ತು ಇಡೀ ದಿನ ಏನು ಮಾಡಿದಳೋ, ಒಲೆ ಹಚ್ಚಿದಳೋ ಇಲ್ಲವೋ, ಯಾರೂ ಬರೆದಿಟ್ಟಿಲ್ಲ. ನಾನು ನವೆಂಬರಿನಿಂದ ಈ ಶನಿವಾರದಲ್ಲೇ ಇದ್ದೇನೆ, ನೀನು ಅದಕ್ಕೂ ಮುಂಚಿನಿಂದ. ಒಬ್ಬೊಬ್ಬರೇ ಇದ್ದು ಸಾಕಾಯಿತು.

ನಾಳೆ ಬೆಳಿಗ್ಗೆ ಎಲ್ಲರೂ ಮೇಣದಬತ್ತಿ ಹಿಡಿದು ಗೋರಿಗಳ ಹತ್ತಿರ ಹೋಗುತ್ತಾರೆ. ನಾನು ಹೋಗುವುದಿಲ್ಲ, ನೀನೂ ಯಾವ ಸಾಕ್ಷಿ ಹೇಳಬೇಕಿಲ್ಲ. ಎಲೀಷ ನನ್ನ ಮೇಲೆ ಬೇಜಾರು ಮಾಡಿಕೊಳ್ಳುವುದಿಲ್ಲ. ನಾನು ಇಲ್ಲಿ ಇರುತ್ತೇನೆ.

ಹರಕೆಗೆ ಇವತ್ತೊಂದೇ ದಿನ ಉಳಿದಿತ್ತು. ಈಗ ಡಬ್ಬಿ ಬಿಚ್ಚಿ, ನಿನ್ನ ಹೊಸ್ತಿಲ ಮೇಲೆ ಕೂತು, ಹಾಡುಹಗಲಿನಲ್ಲಿ ಒಂದು ತುತ್ತು ಉಂಡೆ. ಮುರಿಯಿತು. ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದೇನೆ ನೋಡು, ಅಡುಗೆಯವಳಂತೆ ಅಡುಗೆಯವಳು. ಉಳಿದದ್ದು ನಿನಗೆ. ಖಾಜಾಸಾಬರು ಬಡಿಗನನ್ನು ಕರೆದುಕೊಂಡು ಬೀದಿಯ ತಿರುವಿನಲ್ಲಿ ಬರುತ್ತಿದ್ದಾರೆ. ಬಾಗಿಲು ಮುರಿಸುವ ಮನಸ್ಸು ನನಗಿಲ್ಲ.

ಯವ್ವಾ, ಕೈ ಕೊಡ.

ಮಾರ್ತಮ್ಮ


(ಅದೇ ಕಾಗದದ ಹಿಂದೆ, ಬಾಗಿಲ ಸಂದಿಯಿಂದ ಹೊರಗೆ ಬಂದದ್ದು)

೧೯ ಏಪ್ರಿಲ್

ಯಮ್ಮಾ,

ಚಿಲಕ ತೆಗದೀನಿ. ಬಾಗಲಾ ಎಳಿಯಾಕ ಕೈಯಾಗ ಬಲ ಇಲ್ಲ.

ನೀವ ನೂಕ್ರಿ.